ಗ್ರೂಪಿಗೆ ಹಾಕಿದರೆ ಮನೆಗೆ ಮುಟ್ಟಿದಂತೆಯೇ?

ಪ್ರಶ್ನೆ: ಮೇಡಂ, ನಾನು ಮದ್ದೂರು ತಾಲ್ಲೂಕಿನವಳು. ಗಾರ್ಮೆಂಟ್ಸ್‌ನಲ್ಲಿ ಟೈಲರ್. ಬೆಳಿಗ್ಗೆ ಏಳಕ್ಕೆ ಕಂಪನಿ ಬಸ್ಸು ಹತ್ತಿದರೆ ಮನೆ ಸೇರುವಾಗ ಸಂಜೆ ಏಳಾಗುತ್ತದೆ. ಯಜಮಾನರು ಗೂಡ್ಸ್ ಟೆಂಪೊ ಓಡಿಸುತ್ತಾರೆ. ಮಗಳು ಪಕ್ಕದ ಊರಿನ ಸರ್ಕಾರಿ ಹೈಸ್ಕೂಲಿನಲ್ಲಿ ಎಂಟನೇ ಕ್ಲಾಸು, ಚೆನ್ನಾಗಿ ಓದುತ್ತಾಳೆ. ಒಂದು ಭಾನುವಾರ ಅವಳ ಕ್ಲಾಸಿನ ಹುಡುಗಿಯರೆಲ್ಲ ಎನ್‌ಎಂಎಂಎಸ್ ಪರೀಕ್ಷೆ ಬರೆಯಲು ಹೊರಟಾಗ ಇವಳು ಮನೆಯಲ್ಲೇ ಇದ್ದಳು. ವಿಚಾರಿಸಿದರೆ ಅರ್ಜಿಯನ್ನೇ ಹಾಕಿಲ್ಲ. ಸ್ಕೂಲಿಗೆ ಹೋಗಿ ಕೇಳಿದ್ದಕ್ಕೆ, "ವಾಟ್ಸಾಪ್ ಗ್ರೂಪಿಗೆ ಹಾಕಿದ್ವಲ್ಲಮ್ಮ, ನೀವು ನೋಡ್ಕೋಬೇಕು" ಅಂದರು. ಗ್ರೂಪಿನಲ್ಲಿರುವುದು ಯಜಮಾನರ ನಂಬರು. ನನ್ನದು ಕೀಪ್ಯಾಡ್ ಫೋನು, ಅದನ್ನೂ ಕೆಲಸದ ಹೊತ್ತಿನಲ್ಲಿ ಲಾಕರಿನಲ್ಲಿ ಇಡಬೇಕು. ಯಜಮಾನರು, "ದಿನಾ ಗುಡ್ ಮಾರ್ನಿಂಗ್ ಬರುತ್ತೆ ಅಂತ ಮ್ಯೂಟ್ ಮಾಡಿದ್ದೆ" ಅಂತಾರೆ. ಮಗಳಿಗೆ ಕ್ಲಾಸಿನಲ್ಲಿ ಹೇಳಿದ್ದರಂತೆ. ಯಾಕೆ ಹೇಳಲಿಲ್ಲ ಅಂದರೆ, "ನಿಂಗೆ ರಜ ಎಲ್ಲಿ ಸಿಗ್ತಿತ್ತು" ಅಂತ ಎದುರುತ್ತರ ಕೊಟ್ಟಳು. ಸಿಟ್ಟಿನಲ್ಲಿ ಕೈ ಮಾಡಿಬಿಟ್ಟೆ. ಆಮೇಲಿಂದ ಸರಿಯಾಗಿ ಮಾತಾಡುತ್ತಿಲ್ಲ. ಮಗಳ ಭವಿಷ್ಯ ನಾನೇ ಹಾಳು ಮಾಡಿದೆನಾ?
— ಹೆಸರು ಬೇಡ

ಉತ್ತರ: ಕಹಿ ಮಾತನ್ನು ಮೊದಲೇ ಹೇಳಿ ಮುಗಿಸುತ್ತೇನೆ. ಎನ್‌ಎಂಎಂಎಸ್ ವಿದ್ಯಾರ್ಥಿವೇತನದ ಪರೀಕ್ಷೆ ಎಂಟನೇ ತರಗತಿಯವರಿಗೆ ಮಾತ್ರ. ಆಯ್ಕೆಯಾದ ಮಕ್ಕಳಿಗೆ ಒಂಬತ್ತನೇ ತರಗತಿಯಿಂದ ಪಿಯುಸಿ ಮುಗಿಯುವವರೆಗೆ ವರ್ಷಕ್ಕೆ 12,000 ರೂಪಾಯಿ ಸಿಗುತ್ತದೆ. ನಿಮ್ಮ ಮಗಳಿಗೆ ಆ ಅವಕಾಶ ತಪ್ಪಿತು. ಮುಂದಿನ ವರ್ಷ ಬರೆಯಬಹುದು ಎಂದರೆ ನಿಮಗೆ ಸುಳ್ಳು ಹೇಳಿದಂತಾಗುತ್ತದೆ. ಆದರೆ ಓದುವ ಹುಡುಗಿಯ ಭವಿಷ್ಯ ಒಂದು ಅರ್ಜಿಯಿಂದ ಹಾಳಾಗುವುದಿಲ್ಲ ತಾಯಿ, ಆ ಭಾರವನ್ನು ಇಳಿಸಿಬಿಡಿ.

ನಿಮ್ಮ ಪತ್ರದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಮಗಳ ಮಾತು. "ನಿಂಗೆ ರಜ ಎಲ್ಲಿ ಸಿಗ್ತಿತ್ತು." ನಿಮಗೆ ಅದು ಎದುರುತ್ತರವಾಗಿ ಕೇಳಿಸಿತು. ನನಗೆ ಅದು ನಿಜವಾದ ಉತ್ತರವಾಗಿ ಕೇಳಿಸುತ್ತದೆ. ಈ ಪರೀಕ್ಷೆಗೆ ಕುಟುಂಬದ ವಾರ್ಷಿಕ ಆದಾಯ ಮೂರೂವರೆ ಲಕ್ಷ ರೂಪಾಯಿ ಮೀರಿರಬಾರದು. ಹಾಗಾಗಿ ಶಾಲೆಯಲ್ಲಿ ಆದಾಯ ಪ್ರಮಾಣಪತ್ರ ತರಲು ಹೇಳಿರುತ್ತಾರೆ. ಅದಕ್ಕೆ ಅಮ್ಮ ನಾಡಕಚೇರಿಗೆ ಹೋಗಬೇಕು, ಹೋಗಲು ರಜ ಹಾಕಬೇಕು, ರಜ ಹಾಕಿದರೆ ದಿನದ ಸಂಬಳದ ಜೊತೆ ಹಾಜರಾತಿ ಬೋನಸ್ಸೂ ಹೋಗುತ್ತದೆ. ತಿಂಗಳ ಕೊನೆಯಲ್ಲಿ ನೀವಿಬ್ಬರೂ ಮನೆಯ ಲೆಕ್ಕ ಹಾಕುವುದನ್ನು ಕೇಳಿಸಿಕೊಂಡು ಬೆಳೆದ ಹುಡುಗಿ ಅವಳು. ಈ ಲೆಕ್ಕವನ್ನು ಅವಳೇ ಹಾಕಿ, ನಿಮಗೆ ತೊಂದರೆ ಬೇಡವೆಂದು ಸುಮ್ಮನಾಗಿದ್ದಾಳೆ ಎಂದು ನನಗನ್ನಿಸುತ್ತದೆ.

ದುಡಿಯುವ ಮನೆಗಳ ಮಕ್ಕಳು ಹೀಗೆ ಮಾಡುವುದನ್ನು ಬಹಳ ನೋಡಿದ್ದೇನೆ. ಪ್ರವಾಸದ ಚೀಟಿ ಬ್ಯಾಗಿನ ತಳದಲ್ಲೇ ಉಳಿಯುತ್ತದೆ. ಪೋಷಕರ ಸಭೆ ಇದೆ ಎಂದು ಹೇಳುವುದೇ ಇಲ್ಲ, ಏಕೆಂದರೆ ಅಪ್ಪನ ಅರ್ಧ ದಿನದ ಬಾಡಿಗೆ ಹೋಗುತ್ತದೆ. ದೊಡ್ಡವರು ಇದನ್ನು ಬೇಜವಾಬ್ದಾರಿ ಎಂದುಕೊಂಡು ಬೈಯುತ್ತಾರೆ. ಬೈದಷ್ಟೂ ಮಗು ಇನ್ನಷ್ಟು ಮುಚ್ಚಿಡುವುದನ್ನು ಕಲಿಯುತ್ತದೆ.

ಈ ಭಾನುವಾರ ತಲೆ ಬಾಚುವಾಗಲೋ ಬಟ್ಟೆ ಒಗೆಯುವಾಗಲೋ ಅವಳೊಬ್ಬಳೇ ಇರುವ ಹೊತ್ತು ನೋಡಿ ಮಾತಾಡಿ. ಹೊಡೆದದ್ದು ತಪ್ಪಾಯಿತು ಎಂದು ಮೊದಲು ಹೇಳಿ. ಹೇಳುವಾಗ "ಆದರೆ ನೀನೂ..." ಎಂದು ಸೇರಿಸಬೇಡಿ. ಆಮೇಲೆ ಕೇಳಿ: "ನಂಗೆ ರಜ ಹಾಕ್ಬೇಕಾಗುತ್ತೆ ಅಂತ ಹೇಳ್ಲಿಲ್ವಾ ಮಗಳೇ?" ಹೌದು ಎಂದರೆ, ಅಳು ಬಂದರೂ ತಡೆದುಕೊಂಡು ಇಷ್ಟು ಹೇಳಿ: "ಸ್ಕೂಲಿಂದ ಏನೇ ಬಂದ್ರೂ ನಂಗೆ ಹೇಳು. ರಜ ಹಾಕೋದಾ ಬೇಡ್ವಾ ಅಂತ ನಾನು, ನಿಮ್ಮಪ್ಪ ಯೋಚ್ನೆ ಮಾಡ್ತೀವಿ. ಅದು ನಿನ್ನ ತಲೆನೋವಲ್ಲ." ಈ ಮಾತು ಒಂದೇ ಸಲಕ್ಕೆ ಅವಳಿಗೆ ನಂಬಿಕೆಯಾಗಲಿಕ್ಕಿಲ್ಲ. ಮುಂದಿನ ಸಲ ಅವಳು ತಂದ ಚೀಟಿಗೆ ನೀವು ಮುಖ ಸಿಂಡರಿಸದೆ ಸಹಿ ಹಾಕಿದಾಗ ನಂಬುತ್ತಾಳೆ.

ಹಾಗೆಂದು ಶಾಲೆಯ ಸುದ್ದಿಯನ್ನೆಲ್ಲ ಅವಳೊಬ್ಬಳೇ ಹೊತ್ತು ತರಲಿ ಎಂದು ಬಿಡಬೇಡಿ. ತರಗತಿ ಶಿಕ್ಷಕರನ್ನು ಕಂಡು ನಿಮ್ಮ ಕೀಪ್ಯಾಡ್ ನಂಬರನ್ನೂ ಬರೆಸಿ. "ಗ್ರೂಪು ನೋಡಲು ನನಗೆ ಆಗುವುದಿಲ್ಲ. ಅರ್ಜಿ, ಸಹಿ, ದುಡ್ಡು, ದಾಖಲೆ, ಈ ನಾಲ್ಕರ ವಿಷಯವಿದ್ದರೆ ಒಂದು ಫೋನ್ ಮಾಡಿ ಅಥವಾ ಎಸ್‌ಎಂಎಸ್ ಕಳಿಸಿ" ಎಂದು ಕೇಳಿಕೊಳ್ಳಿ. ಊಟದ ವಿರಾಮದಲ್ಲಿ ಎಷ್ಟು ಗಂಟೆಗೆ ಫೋನು ಕೈಗೆ ಸಿಗುತ್ತದೆ ಎನ್ನುವುದನ್ನೂ ತಿಳಿಸಿ. ಹಾಗೆ ಹೇಳಿ ಕಳಿಸಿದ ಶಾಲೆಗೆ ಮತ್ತೆ ಹೋಗುವುದು ಕಷ್ಟ, ಗೊತ್ತು. ಆದರೂ ಹೋಗಿ.

ನಿಮ್ಮ ಯಜಮಾನರಿಗೂ ಒಂದು ಮಾತು. ಪತ್ರದಲ್ಲಿ ತಪ್ಪನ್ನೆಲ್ಲ ನೀವು ನಿಮ್ಮ ಮೇಲೇ ಎಳೆದುಕೊಂಡಿದ್ದೀರಿ. ಶಾಲೆಯ ಸಂದೇಶ ಬಂದದ್ದು ಅವರ ಫೋನಿಗೆ. ರಾತ್ರಿ ಊಟಕ್ಕೆ ಕೂರುವ ಮೊದಲು ಆ ಫೋನನ್ನು ಮಗಳ ಕೈಗೆ ಕೊಡಲಿ, ಅವಳು ಆ ದಿನದ ಶಾಲೆಯ ಸಂದೇಶಗಳನ್ನು ಓದಿ ಹೇಳಲಿ. ಕೊನೆಯ ದಿನಾಂಕ ಏನಾದರೂ ಇದ್ದರೆ ಹಾಲಿನ ಲೆಕ್ಕ ಬರೆಯುವ ಗೋಡೆಯ ಕ್ಯಾಲೆಂಡರಿನಲ್ಲಿ, ಅದಕ್ಕಿಂತ ಒಂದು ವಾರ ಮೊದಲಿನ ಮನೆಗೇ ಗುರುತು ಹಾಕಿ. ಐದು ನಿಮಿಷದ ಕೆಲಸ. ಇದನ್ನು ಅಪ್ಪನೇ ವಹಿಸಿಕೊಳ್ಳಬೇಕು.

ಈಗ ಮುಂದಿನದನ್ನು ನೋಡೋಣ. ಜಾತಿ ಮತ್ತು ಆದಾಯ ಪ್ರಮಾಣಪತ್ರವನ್ನು ಯಾವ ಅರ್ಜಿಗೂ ಕಾಯದೆ ಈಗಲೇ ಮಾಡಿಸಿಡಿ. ಆದಾಯ ಪ್ರಮಾಣಪತ್ರ 5 ವರ್ಷ ನಡೆಯುತ್ತದೆ, ಅಂದರೆ ಹೈಸ್ಕೂಲು ಮುಗಿಯುವವರೆಗೂ ಇದಕ್ಕಾಗಿ ಮತ್ತೆ ರಜ ಹಾಕಬೇಕಿಲ್ಲ. ಊರಿನಲ್ಲಿ ಗ್ರಾಮ ಒನ್ ಕೇಂದ್ರವಿದ್ದರೆ ನಾಡಕಚೇರಿಯವರೆಗೆ ಹೋಗುವುದೂ ತಪ್ಪಬಹುದು. ಪ್ರಮಾಣಪತ್ರದ ಮೇಲಿನ ಆರ್‌ಡಿ ನಂಬರ್ ಮುಖ್ಯ. ಮೆಟ್ರಿಕ್ ಪೂರ್ವ ವಿದ್ಯಾರ್ಥಿವೇತನಕ್ಕೆ ರಾಜ್ಯದ ಎಸ್‌ಎಸ್‌ಪಿ ಪೋರ್ಟಲಿನಲ್ಲಿ ಅರ್ಜಿ ಹಾಕುವಾಗ ಅದನ್ನು ಕೇಳುತ್ತಾರೆ. ಮಗಳ ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಆಗಿದೆಯೇ ಎಂದೂ ವಿಚಾರಿಸಿ. ಇದೊಂದು ಆಗದೆ, ಅರ್ಜಿ ಹಾಕಿದ್ದರೂ ಹಣ ಬಾರದೆ ಪರದಾಡುವ ಮನೆಗಳು ಬೇಕಾದಷ್ಟಿವೆ. ಅರ್ಜಿಯ ಕೊನೆಯ ದಿನ ಮುಂದಕ್ಕೆ ಹೋಗುವುದುಂಟು, ಅದನ್ನೇ ನಂಬಿ ಕೂರಬೇಡಿ.

ಮಗಳು ಒಂಬತ್ತಕ್ಕೆ ಬಂದ ಮೇಲೆ ಒಂದು ದಿನ ಶಾಲೆಗೆ ಹೋಗಿ ದಾಖಲಾತಿ ರಿಜಿಸ್ಟರಿನಲ್ಲೂ ಮಕ್ಕಳ ವಿವರವಿರುವ ಇಲಾಖೆಯ ಆನ್‌ಲೈನ್ ದಾಖಲೆಯಾದ ಸ್ಯಾಟ್ಸ್‌ನಲ್ಲೂ ಅವಳ ಹೆಸರು, ಹುಟ್ಟಿದ ದಿನಾಂಕ, ನಿಮ್ಮಿಬ್ಬರ ಹೆಸರು ಹೇಗಿದೆ ಎಂದು ನೋಡಿ. ಇಂಗ್ಲಿಷಿನ ಒಂದೊಂದು ಅಕ್ಷರವನ್ನೂ ಆಧಾರಿನ ಜೊತೆ ಹೋಲಿಸಿ. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಅಚ್ಚಾಗಿದ್ದೇ ಮುಂದೆ ಕೆಲಸಕ್ಕೆ, ಪಾಸ್‌ಪೋರ್ಟಿಗೆ ಹುಟ್ಟಿದ ದಿನಾಂಕದ ದಾಖಲೆ. ಒಮ್ಮೆ ಅಚ್ಚಾದ ಮೇಲೆ ತಿದ್ದಿಸಲು ಅಲೆಯಬೇಕಾಗುತ್ತದೆ. ನನ್ನ ಪ್ರಕಾರ ತಂದೆ ತಾಯಿ ಯಾವುದಕ್ಕಾದರೂ ರಜ ಹಾಕಲೇಬೇಕೆಂದರೆ ಈ ಒಂದು ಕೆಲಸಕ್ಕೆ.

ಹತ್ತರಲ್ಲಿ ಪರೀಕ್ಷೆಗೆ ಕೂರಲು ಶೇಕಡಾ 75 ಹಾಜರಾತಿ ಬೇಕು. 2024ರಿಂದ ಎಸ್‌ಎಸ್‌ಎಲ್‌ಸಿಗೆ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳಿವೆ. ಫಲಿತಾಂಶ ಬಂದ ಮೇಲೆ ಉತ್ತರ ಪತ್ರಿಕೆಯ ಪ್ರತಿ, ಮರು ಎಣಿಕೆ, ಮುಂದಿನ ಪರೀಕ್ಷೆಯ ನೋಂದಣಿ ಎಲ್ಲಕ್ಕೂ ಸಿಗುವುದು ಕೆಲವೇ ದಿನ. ಆ ವಾರ ಫೋನನ್ನು ಮ್ಯೂಟ್ ಮಾಡಬಾರದು.

ಶಾಲೆಯ ಮೇಲೆ ನಿಮಗಿರುವ ಸಿಟ್ಟು ನ್ಯಾಯವಾದದ್ದು. ಆದರೂ ಅವರ ಕಷ್ಟವನ್ನೂ ಹೇಳಬೇಕು. ಎಷ್ಟೋ ಹೈಸ್ಕೂಲುಗಳಲ್ಲಿ ಗುಮಾಸ್ತರೇ ಇಲ್ಲ. ಪಾಠ ಮಾಡುವವರೇ ಬಿಸಿಯೂಟದ ಲೆಕ್ಕ, ಸ್ಯಾಟ್ಸ್ ಎಂಟ್ರಿ, ಅರ್ಜಿ ತುಂಬುವುದು ಎಲ್ಲವನ್ನೂ ಮಾಡುತ್ತಾರೆ. ಸುತ್ತೋಲೆ ಶಾಲೆಗೆ ಬರುವಷ್ಟರಲ್ಲೇ ಅರ್ಧ ಸಮಯ ಕಳೆದಿರುವುದೂ ಉಂಟು. ಅವರಿಗೆ ಪೋಷಕರ ನೆರವು ಬೇಕು. ಮುಂದಿನ ಪೋಷಕರ ಸಭೆಯಲ್ಲೋ "ಸಮುದಾಯದತ್ತ ಶಾಲೆ" ಕಾರ್ಯಕ್ರಮದಲ್ಲೋ ನಾಲ್ಕು ಜನ ತಾಯಂದಿರು ಸೇರಿ ಕೇಳಿ: ಗುಡ್ ಮಾರ್ನಿಂಗ್, ಹಬ್ಬದ ಶುಭಾಶಯ ಬಾರದ, ಶಿಕ್ಷಕರು ಮಾತ್ರ ಬರೆಯುವ ಬೇರೆ ಗ್ರೂಪು ಮಾಡಲಿ. ಓದಲು ಬಾರದವರಿಗೆ ಅದೇ ವಿಷಯವನ್ನು ಮಾತಿನಲ್ಲಿ ರೆಕಾರ್ಡ್ ಮಾಡಿ ಹಾಕಲಿ. ನಿಮ್ಮ ಮಂಡ್ಯ ಸೀಮೆಯಲ್ಲಿ ಇನ್ನೊಂದು ಅನುಕೂಲವಿದೆ. ಊರೂರಲ್ಲೂ ಹಾಲಿನ ಡೈರಿ ಇದೆ, ಬೆಳಿಗ್ಗೆ ಸಂಜೆ ಮನೆಗೊಬ್ಬರಾದರೂ ಕ್ಯಾನ್ ಹಿಡಿದು ಅಲ್ಲಿಗೆ ಬರುತ್ತಾರೆ. ಕೊನೆಯ ದಿನಾಂಕವನ್ನು ದಪ್ಪ ಅಕ್ಷರದಲ್ಲಿ ಬರೆದು ಡೈರಿಯ ಗೋಡೆಗೆ ಅಂಟಿಸಿದರೆ ಊರಿಗೆಲ್ಲ ಗೊತ್ತಾಗುತ್ತದೆ. ಹೈಸ್ಕೂಲಿಗೆ ಮಕ್ಕಳು ಬರುವ ಪ್ರತಿ ಊರಿನಿಂದ ಒಬ್ಬ ಪೋಷಕರು ಈ ಚೀಟಿ ಅಂಟಿಸುವ ಕೆಲಸ ವಹಿಸಿಕೊಳ್ಳಲಿ.

ಈ ಅಂಕಣ ಓದುವ ಮೇಷ್ಟ್ರುಗಳಲ್ಲಿ, ಮೇಡಂಗಳಲ್ಲಿ ನನ್ನದೊಂದು ವಿನಂತಿ. ಅರ್ಜಿಯ ಕೊನೆಯ ದಿನಕ್ಕೆ ಮೂರು ದಿನ ಮುಂಚೆ ಹಾಜರಿ ಪುಸ್ತಕ ತೆರೆದು, ಅರ್ಹರಾಗಿದ್ದೂ ದಾಖಲೆ ತಾರದ ಮಕ್ಕಳ ಹೆಸರು ಗುರುತು ಹಾಕಿಕೊಳ್ಳಿ. ಅವರ ಮನೆಗಳಿಗೆ ಒಂದೊಂದು ಫೋನ್ ಮಾಡಿ. ಅಪ್ಪ ಎತ್ತದಿದ್ದರೆ ಅಮ್ಮನಿಗೆ ಮಾಡಿ.