ಕೀಲಿ ಹಾಕಿದ ಮನೆಗೆ ಅಲಾರಂ: ಖರ್ಚು ಎಷ್ಟು, ಬರುವವರು ಯಾರು

ಮನೆಗಳ್ಳತನ ತಡೆಯುವ ಅಲಾರಂನಲ್ಲಿ ಮೂರು ಭಾಗಗಳಿರುತ್ತವೆ. ಬಾಗಿಲು ತೆರೆದದ್ದನ್ನೋ ಒಳಗೆ ಯಾರೋ ಓಡಾಡಿದ್ದನ್ನೋ ಗುರುತಿಸುವ ಸೆನ್ಸರ್, ಆ ಸಂಕೇತ ಪಡೆಯುವ ಪ್ಯಾನೆಲ್, ಕೂಗುವ ಸೈರನ್. ಈಗಿನ ಪ್ಯಾನೆಲ್‌ಗಳಲ್ಲಿ ಸಿಮ್ ಹಾಕಲು ಜಾಗವಿರುವುದರಿಂದ ಅವು ಮಾಲೀಕರ ಫೋನಿಗೂ ಕರೆ ಮಾಡುತ್ತವೆ. ಈ ಜೋಡಣೆಯಲ್ಲಿ ಪೊಲೀಸ್ ಠಾಣೆ ಎಲ್ಲಿಯೂ ಬರುವುದಿಲ್ಲ. ಬೀದರ್ ಜಿಲ್ಲೆಯ ಬಸವಕಲ್ಯಾಣದಲ್ಲಾಗಲಿ ಹುಮನಾಬಾದಿನಲ್ಲಾಗಲಿ ಅಂಗಡಿಯಿಂದ ತಂದು ಕೂರಿಸಿದ ಅಲಾರಂ ಕೂಗಿದರೆ, ಅದನ್ನು ಕೇಳಿದ ಒಬ್ಬ ಮನುಷ್ಯ ಫೋನ್ ಎತ್ತಿದ ಮೇಲೆಯೇ ಪೊಲೀಸ್ ವಾಹನ ಹೊರಡುತ್ತದೆ. ಆದ್ದರಿಂದ ಹಣ ತೆಗೆಯುವ ಮೊದಲು ಇತ್ಯರ್ಥವಾಗಬೇಕಾದದ್ದು ಒಂದೇ: ಸೈರನ್ ಕೇಳಿಸಿಕೊಳ್ಳುವವರು ಯಾರು, ಕರೆ ಮಾಡುವವರು ಯಾರು. ಅದಕ್ಕೆ ಉತ್ತರವಿಲ್ಲದ ಮನೆಯಲ್ಲಿ ಎಷ್ಟು ದುಬಾರಿ ಅಲಾರಂ ಇದ್ದರೂ ಅದು ಖಾಲಿ ಓಣಿಗೆ ಕೂಗುತ್ತದೆ.

ಈ ಎರಡು ತಾಲ್ಲೂಕುಗಳಿಗೆ ಈ ಮಾತು ಹೆಚ್ಚು ಅನ್ವಯಿಸಲು ಕಾರಣವಿದೆ. ಪುಣೆ–ಹೈದರಾಬಾದ್ ಹೆದ್ದಾರಿ 65 ಬಸವಕಲ್ಯಾಣದ ಪಕ್ಕದಲ್ಲಿ ಹಾದು ಹುಮನಾಬಾದಿಗೆ ಬರುತ್ತದೆ. ಅಲ್ಲಿ ಬೀದರ್–ಕಲಬುರಗಿ ರಸ್ತೆ ಅದನ್ನು ಕೂಡುತ್ತದೆ. ಒಂದು ಕಡೆ ಮಹಾರಾಷ್ಟ್ರ, ಇನ್ನೊಂದು ಕಡೆ ತೆಲಂಗಾಣ. ಮಕ್ಕಳು ಹೈದರಾಬಾದ್, ಪುಣೆ, ಸೊಲ್ಲಾಪುರಗಳಲ್ಲಿ ನೌಕರಿಗಿದ್ದು, ತಂದೆ–ತಾಯಿ ತಿಂಗಳುಗಟ್ಟಲೆ ಅಲ್ಲಿಗೆ ಹೋಗಿ ಇರುವುದು ಇಲ್ಲಿ ಮನೆಮನೆಯ ಕಥೆ. ಈ ಅಂಕಣ ಬರೆಯುವವರ ಹುಮನಾಬಾದಿನ ಮನೆಯೂ ವರ್ಷದಲ್ಲಿ ಬಹಳ ಕಾಲ ಕೀಲಿಯಲ್ಲೇ ಇರುತ್ತದೆ. ಜನವರಿಯ ವೀರಭದ್ರೇಶ್ವರ ಜಾತ್ರೆ, ಮಾಣಿಕನಗರದ ದತ್ತ ಜಯಂತಿ, ಲಗ್ನದ ಕಾಲ, ಬೇಸಿಗೆ ರಜೆ ಬಂದವೆಂದರೆ ಊರಿನಲ್ಲಿರುವವರ ಮನೆಗಳೂ ರಾತ್ರಿ ಖಾಲಿ ಇರುತ್ತವೆ.

ಗಡಿ ಹತ್ತಿರವಿದ್ದರೆ ಏನಾಗುತ್ತದೆ ಎಂಬುದನ್ನು ದೊಡ್ಡ ಪ್ರಕರಣಗಳು ತೋರಿಸಿವೆ. 2025ರ ಜನವರಿ 16ರಂದು ಬೀದರ್ ನಗರದಲ್ಲಿ ಎಟಿಎಂಗೆ ಹಣ ಸಾಗಿಸುವ ಸಿಬ್ಬಂದಿಯ ಮೇಲೆ ಹಾಡಹಗಲೇ ಗುಂಡು ಹಾರಿಸಿ ಹಣ ದೋಚಿದವರು ಅದೇ ಸಂಜೆ ಹೈದರಾಬಾದಿನ ಅಫ್ಜಲ್‌ಗಂಜ್‌ನಲ್ಲಿದ್ದರು. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ವಿಜಯಪುರ ಜಿಲ್ಲೆಯ ಚಡಚಣದ ಬ್ಯಾಂಕ್ ದರೋಡೆಕೋರರು ಸೊಲ್ಲಾಪುರ ಜಿಲ್ಲೆಯತ್ತ ಗಡಿ ದಾಟಿದರು. ಮನೆಗಳ್ಳತನ ಇವುಗಳಷ್ಟು ದೊಡ್ಡದಲ್ಲದಿರಬಹುದು. ಆದರೆ ಬೆಳಗಿನ ಜಾವ ಎರಡಕ್ಕೆ ಮನೆ ಒಡೆದವನು ನಸುಕು ಹರಿಯುವುದರೊಳಗೆ ಬೇರೆ ರಾಜ್ಯದಲ್ಲಿರಬಹುದು. ಮೊದಲ ಹತ್ತು–ಹದಿನೈದು ನಿಮಿಷದಲ್ಲಿ ಯಾರಿಗೆ ಸುದ್ದಿ ಮುಟ್ಟಿತು ಎಂಬುದರ ಮೇಲೆ ಬಹಳಷ್ಟು ನಿಂತಿದೆ.

ಸೆನ್ಸರ್ ಆಯ್ಕೆ ಮನೆಯ ಕಟ್ಟೋಣವನ್ನು ಅವಲಂಬಿಸುತ್ತದೆ. ಬಸವಕಲ್ಯಾಣದ ಹಳೆಯ ಓಣಿಗಳಲ್ಲಿ ಮಾಳಿಗೆಗೆ ಮಾಳಿಗೆ ಅಂಟಿಕೊಂಡಿರುವುದರಿಂದ ಕಳ್ಳ ಮುಂಬಾಗಿಲಿಗೆ ಬರಬೇಕೆಂದೇನೂ ಇಲ್ಲ. ಬೆಳಕಿಂಡಿಯಿಂದಲೋ ಮಾಳಿಗೆಯ ಮೆಟ್ಟಿಲ ಬಾಗಿಲಿನಿಂದಲೋ ಇಳಿಯಬಹುದು. ಹೊಸ ಬಡಾವಣೆಯ ಬಿಡಿ ಮನೆಗಳಲ್ಲಿ ಹಿತ್ತಲ ಬಾಗಿಲೇ ದುರ್ಬಲ. ಬಾಗಿಲು, ಕಿಟಕಿಗಳಿಗೆ ಹಾಕುವ ಮ್ಯಾಗ್ನೆಟ್ ಸೆನ್ಸರ್ ಎಲ್ಲಕ್ಕಿಂತ ಅಗ್ಗ, ಎಲ್ಲಕ್ಕಿಂತ ನಂಬಿಕೆಗೆ ಅರ್ಹ. ಚೌಕಟ್ಟಿನಲ್ಲಿ ಒಂದು ಸ್ವಿಚ್, ಕದದಲ್ಲಿ ಒಂದು ಅಯಸ್ಕಾಂತ. ಎರಡೂ ದೂರವಾದರೆ ಪ್ಯಾನೆಲ್‌ಗೆ ಸಂಕೇತ ಹೋಗುತ್ತದೆ. ಕೊಂಡಿ ಮುರಿದು ಬರುವವನನ್ನು ಇದು ಒಳಗೆ ಕಾಲಿಡುವ ಮೊದಲೇ ಹಿಡಿಯುತ್ತದೆ.

ಒಳಗಿನ ಚಲನೆ ಗುರುತಿಸುವ ಪಿಐಆರ್ ಸೆನ್ಸರ್ ಬಗ್ಗೆ ಮಾರಾಟಗಾರರು ಹೇಳದ ಒಂದು ಸಂಗತಿ ಇದೆ. ಅದು ನೋಡುವುದು ಮನುಷ್ಯನ ಮೈಶಾಖಕ್ಕೂ ಹಿಂದಿನ ಗೋಡೆಯ ಶಾಖಕ್ಕೂ ಇರುವ ವ್ಯತ್ಯಾಸವನ್ನು. ಏಪ್ರಿಲ್–ಮೇ ತಿಂಗಳಲ್ಲಿ ಬೀದರ್ ಜಿಲ್ಲೆಯ ಬಿಸಿಲು 40 ಡಿಗ್ರಿ ದಾಟುತ್ತದೆ. ವಾರಗಟ್ಟಲೆ ಕಿಟಕಿ ತೆರೆಯದ, ಮೇಲೆ ಆರ್‌ಸಿಸಿ ಛಾವಣಿ ಇರುವ ಕೋಣೆ ರಾತ್ರಿಯಲ್ಲೂ ಮೈಶಾಖದ ಹತ್ತಿರವೇ ಇರುತ್ತದೆ. ಆಗ ವ್ಯತ್ಯಾಸ ಕುಗ್ಗಿ ಸೆನ್ಸರ್ ಮಂಕಾಗುತ್ತದೆ. ಬೇಸಿಗೆ ರಜೆಯಲ್ಲೇ ಹೆಚ್ಚು ಮನೆಗಳು ಕೀಲಿಯಲ್ಲಿರುತ್ತವೆ ಎಂಬುದನ್ನು ಜೊತೆಗಿಟ್ಟು ನೋಡಿದರೆ, ಪಿಐಆರ್ ಒಂದನ್ನೇ ನಂಬುವುದು ಈ ಸೀಮೆಗೆ ಸರಿಹೊಂದದ ಆಯ್ಕೆ. ಶಾಖದ ಜೊತೆಗೆ ಮೈಕ್ರೋವೇವ್ ಅಲೆಯನ್ನೂ ಬಳಸುವ ಜೋಡಿ ಸೆನ್ಸರ್ ತುಸು ದುಬಾರಿಯಾದರೂ ಪಡಸಾಲೆಗೆ ಅದು ವಾಸಿ. ಹಲ್ಲಿ ಸೆನ್ಸರಿನ ಮುಖದ ಮೇಲೇ ಹರಿದಾಡಿದರೆ, ಅಥವಾ ಬೆಳಕಿಂಡಿಯಿಂದ ಪಾರಿವಾಳ ನುಗ್ಗಿದರೆ ಸುಳ್ಳು ಕೂಗು ಖಚಿತ. ಬೆಳಕಿಂಡಿಗೆ ಜಾಲರಿ ಹೊಡೆಸುವುದು ಅಲಾರಂ ಖರ್ಚಿನ ಭಾಗವೆಂದೇ ಲೆಕ್ಕ.

ಸಿಮ್ ವಿಷಯದಲ್ಲಿ ಹೆಚ್ಚಿನ ಮನೆಗಳು ಎಡವುತ್ತವೆ. ಕಡಿಮೆ ಬೆಲೆಯ ಪ್ಯಾನೆಲ್‌ಗಳು ಇಂದಿಗೂ 2ಜಿ ಜಾಲದ ಮೇಲೆ ನಡೆಯುತ್ತವೆ. ಜಿಯೋಗೆ 2ಜಿ ಜಾಲವೇ ಇಲ್ಲ. ಅದರ ಸಿಮ್ ಅಂಥ ಪ್ಯಾನೆಲ್‌ನಲ್ಲಿ ಕೆಲಸ ಮಾಡುವುದಿಲ್ಲ. ಕೊಳ್ಳುವಾಗಲೇ 4ಜಿ ಪ್ಯಾನೆಲ್ ಕೇಳಿ ಪಡೆಯುವುದು ಒಳ್ಳೆಯದು, ಏಕೆಂದರೆ 2ಜಿ ಎಷ್ಟು ವರ್ಷ ಉಳಿದೀತು ಎಂಬ ಖಾತ್ರಿ ಯಾರಿಗೂ ಇಲ್ಲ. ರೀಚಾರ್ಜ್ ಮುಗಿದ ಸಿಮ್‌ನಿಂದ ಕರೆ ಹೋಗುವುದಿಲ್ಲ, 90 ದಿನ ಏನೂ ಬಳಸದ ಸಿಮ್ ಸಂಖ್ಯೆಯನ್ನೇ ಕಳೆದುಕೊಳ್ಳಬಹುದು. ಟ್ರಾಯ್ ಸೂಚನೆಯ ಮೇರೆಗೆ 2025ರ ಜನವರಿಯಿಂದ ಕಂಪನಿಗಳು ಡೇಟಾ ಇಲ್ಲದ, ಕರೆ ಮತ್ತು ಸಂದೇಶಕ್ಕೆ ಮಾತ್ರದ ಪ್ಯಾಕ್‌ಗಳನ್ನು ತಂದಿವೆ. ಅಲಾರಂ ಸಿಮ್‌ಗೆ ಅದೇ ಸಾಕು, ವರ್ಷದ ಪ್ಯಾಕ್ ಸುಮಾರು 1,800 ರೂಪಾಯಿಯ ಆಸುಪಾಸಿನಲ್ಲಿದೆ. ಜೆಸ್ಕಾಂ ಕರೆಂಟು ಹೋದಾಗ ಪ್ಯಾನೆಲ್ ನಡೆಯುವುದು ಒಳಗಿನ ಬ್ಯಾಟರಿಯಿಂದ. ಮೇನ್ ಸ್ವಿಚ್ ಆರಿಸಿ ಊರಿಗೆ ಹೋಗುವ ಅಭ್ಯಾಸವಿರುವವರು ಪ್ಯಾನೆಲ್‌ಗೆ ಬೇರೆ ಲೈನ್ ಎಳೆಸಬೇಕು, ಇಲ್ಲವಾದರೆ ಒಂದೆರಡು ದಿನದಲ್ಲಿ ಅದು ಸತ್ತಿರುತ್ತದೆ.

ಕ್ಯಾಮೆರಾ ಮತ್ತು ಅಲಾರಂ ಬೇರೆ ಬೇರೆ. ಕ್ಯಾಮೆರಾ ನಡೆದದ್ದನ್ನು ದಾಖಲಿಸುತ್ತದೆ, ನಡೆಯುತ್ತಿರುವಾಗ ಯಾರನ್ನೂ ಎಬ್ಬಿಸುವುದಿಲ್ಲ. ದಾಖಲೆಯೂ ಉಳಿಯುತ್ತದೆಂಬ ಭರವಸೆ ಇಲ್ಲ. 2024ರ ಅಕ್ಟೋಬರ್‌ನಲ್ಲಿ ದಾವಣಗೆರೆ ಜಿಲ್ಲೆಯ ನ್ಯಾಮತಿಯ ಎಸ್‌ಬಿಐ ಶಾಖೆಗೆ ಕಿಟಕಿಯ ಸರಳು ಕತ್ತರಿಸಿ ನುಗ್ಗಿದವರು ಸುಮಾರು 17.7 ಕಿಲೋ ಅಡವಿನ ಚಿನ್ನದ ಜೊತೆಗೆ ಸಿಸಿಟಿವಿ ದೃಶ್ಯ ದಾಖಲಾಗುವ ಡಿವಿಆರ್ ಪೆಟ್ಟಿಗೆಯನ್ನೂ ಹೊತ್ತೊಯ್ದರು. ತಿಂಗಳುಗಳ ತನಿಖೆಯ ನಂತರ 2025ರ ಮಾರ್ಚ್‌ನಲ್ಲಿ ಆ ಚಿನ್ನ ತಮಿಳುನಾಡಿನ ಮಧುರೈ ಜಿಲ್ಲೆಯ ಬಾವಿಯೊಂದರಿಂದ ಹೊರಬಂತು. ಬ್ಯಾಂಕಿನಲ್ಲೇ ಹೀಗಾದರೆ, ಟಿವಿ ಪಕ್ಕದಲ್ಲಿ ಎಲ್ಲರಿಗೂ ಕಾಣುವಂತೆ ಡಿವಿಆರ್ ಇಟ್ಟ ಮನೆಯ ಗತಿ ಊಹಿಸಬಹುದು. ಪೆಟ್ಟಿಗೆಯನ್ನು ಕೀಲಿ ಹಾಕುವ ಕಪಾಟಿನಲ್ಲೋ ಅಟ್ಟದ ಮೇಲೋ ಇಡಬೇಕು, ಇಲ್ಲವೇ ದೃಶ್ಯ ಫೋನಿಗೂ ರವಾನೆಯಾಗುವ ಒಂದು ಕ್ಯಾಮೆರಾ ಆದರೂ ಇರಬೇಕು. 2025ರ ಏಪ್ರಿಲ್‌ನಿಂದ ದೇಶದಲ್ಲಿ ಮಾರುವ ಸಿಸಿಟಿವಿ ಕ್ಯಾಮೆರಾಗಳು ಸರ್ಕಾರ ವಿಧಿಸಿದ ಸೈಬರ್ ಸುರಕ್ಷತಾ ಪರೀಕ್ಷೆ ದಾಟಿರಬೇಕೆಂಬ ನಿಯಮವಿದೆ. ಹಳೆಯ ದಾಸ್ತಾನನ್ನು ರಿಯಾಯಿತಿ ಹೆಸರಿನಲ್ಲಿ ಕೊಳ್ಳಬಾರದು.

ಅಂಕಣಕಾರರು ಅಂಗಡಿಗಳಲ್ಲಿ ವಿಚಾರಿಸಿದಾಗ ಕಂಡ ಅಂದಾಜು ಹೀಗಿತ್ತು: ಪ್ಯಾನೆಲ್, ಸೈರನ್, ನಾಲ್ಕೈದು ಸೆನ್ಸರ್ ಸೇರಿದ ಸೆಟ್‌ಗೆ 6,000ದಿಂದ 12,000 ರೂಪಾಯಿ, ನಾಲ್ಕು ಕ್ಯಾಮೆರಾಗಳ ಸೆಟ್‌ಗೆ ಕೂರಿಸುವ ಕೂಲಿ ಸೇರಿ 15,000ದಿಂದ 22,000. ಇದರ ಮೇಲೆ ಶೇ 18 ಜಿಎಸ್‌ಟಿ. ಬಿಲ್ ಇಲ್ಲದೆ ಕೊಂಡರೆ ತೆರಿಗೆ ಉಳಿಯಿತೆಂದು ಕಾಣಬಹುದು, ಆದರೆ ವಾರಂಟಿಯೂ ವಿಮೆಗೆ ತೋರಿಸುವ ದಾಖಲೆಯೂ ಅದರ ಜೊತೆಗೇ ಹೋಗುತ್ತವೆ. 20,000 ರೂಪಾಯಿ ಒಟ್ಟಿಗಿದ್ದರೆ ಮೊದಲ ಪಾಲು ಹಿತ್ತಲ ಬಾಗಿಲಿನ ಚೌಕಟ್ಟು, ಒಳಚಿಲಕ, ಕಿಟಕಿಯ ಸರಳಿಗೆ ಸಲ್ಲಬೇಕು. ಎರಡನೆಯದು ಅಲಾರಂಗೆ. ಕ್ಯಾಮೆರಾ ಮೂರನೆಯದು. ಮಾರಾಟಗಾರರು ಈ ಕ್ರಮವನ್ನು ತಿರುವಿ ಹೇಳುತ್ತಾರೆ.

ಇನ್ನು ಪೊಲೀಸ್ ಸ್ಪಂದನೆ. ತುರ್ತು ಸಂಖ್ಯೆ 112. ಕರ್ನಾಟಕದೊಳಗಿಂದ ಮಾಡಿದ ಕರೆಯನ್ನು ರಾಜ್ಯಮಟ್ಟದ ಕೇಂದ್ರ ಸ್ವೀಕರಿಸಿ ಜಿಲ್ಲೆಗೆ ದಾಟಿಸುತ್ತದೆ, ಅಲ್ಲಿಂದ ಹತ್ತಿರದ ಗಸ್ತು ವಾಹನಕ್ಕೆ ಸೂಚನೆ ಹೋಗುತ್ತದೆ. ಕರೆ ತೆಗೆದುಕೊಳ್ಳುವವರಿಗೆ ಬಸವಕಲ್ಯಾಣದ ಓಣಿಗಳ ಪರಿಚಯ ಇರುವುದಿಲ್ಲ. ಆದ್ದರಿಂದ ಮೊದಲು ಜಿಲ್ಲೆ, ತಾಲ್ಲೂಕು, ಆಮೇಲೆ ಬಡಾವಣೆ, ಕೊನೆಗೆ ಎಲ್ಲರಿಗೂ ಗೊತ್ತಿರುವ ಒಂದು ಗುರುತು, ಗುಡಿಯೋ ಮಸೀದಿಯೋ ಶಾಲೆಯೋ ಹೇಳಬೇಕು.

ಗಡಿ ತಾಲ್ಲೂಕಿನವರು ಮರೆಯಲೇಬಾರದ ಸಂಗತಿ ಮುಂದಿನದು. 112 ಕರೆ ಹೋಗುವುದು ಫೋನ್ ಇರುವ ರಾಜ್ಯದ ಕೇಂದ್ರಕ್ಕೆ. ಮನೆ ಇರುವ ರಾಜ್ಯಕ್ಕಲ್ಲ. ಹೈದರಾಬಾದಿನಲ್ಲಿ ಮಗನ ಮನೆಯಲ್ಲಿರುವವರಿಗೆ ಹುಮನಾಬಾದಿನ ಪ್ಯಾನೆಲ್‌ನಿಂದ ಕರೆ ಬಂದು, ಅವರು ಗಾಬರಿಯಲ್ಲಿ 112 ಒತ್ತಿದರೆ ಉತ್ತರಿಸುವುದು ತೆಲಂಗಾಣ ಪೊಲೀಸರು. ಪುಣೆಯಿಂದ ಒತ್ತಿದರೆ ಮಹಾರಾಷ್ಟ್ರದವರು. ಅವರು ಬೀದರಿಗೆ ತಿಳಿಸಿಯಾರು, ಆದರೆ ಆ ಹೊತ್ತಿನಲ್ಲಿ ಅಮೂಲ್ಯ ನಿಮಿಷಗಳು ಜಾರುತ್ತವೆ. ಗಡಿಯ ಹಳ್ಳಿಗಳಲ್ಲಿ ಫೋನು ಪಕ್ಕದ ರಾಜ್ಯದ ಟವರ್ ಹಿಡಿದರೂ ಇದೇ ತೊಡಕು ಬರಬಹುದು. ಪರಿಹಾರ ಸರಳ. ಪ್ಯಾನೆಲ್‌ನಲ್ಲಿ ತುಂಬುವ ಸಂಖ್ಯೆಗಳಲ್ಲಿ ಮೊದಲನೆಯದು ಓಣಿಯಲ್ಲೇ ಇರುವ ಒಬ್ಬರದಾಗಿರಬೇಕು; ಎದುರುಮನೆಯ ಕಾಕಾ ಆಗಲಿ, ಎರಡು ಮನೆ ಆಚೆಯ ಮಾಮಾ ಆಗಲಿ. ಅವರು ತಮ್ಮ ಕಿಟಕಿಯಿಂದ ನೋಡಿ, ದೀಪ ಹೊತ್ತಿಸಿ, ಅಲ್ಲಿಂದಲೇ 112ಕ್ಕೆ ಕರೆ ಮಾಡುತ್ತಾರೆ. ಒಬ್ಬರೇ ಕೋಲು ಹಿಡಿದು ಒಳಗೆ ನುಗ್ಗಬಾರದೆಂಬುದನ್ನೂ ಅವರೊಡನೆ ಮೊದಲೇ ಮಾತಾಡಿರಬೇಕು. ದೂರದಲ್ಲಿರುವ ಮಾಲೀಕರ ಫೋನಿನಲ್ಲಿ ಸ್ಥಳೀಯ ಠಾಣೆಯ ನೇರ ಸಂಖ್ಯೆ ಇರಬೇಕು. ಬಸವಕಲ್ಯಾಣದಲ್ಲಿ ನಗರ ಮತ್ತು ಗ್ರಾಮೀಣ ಎಂದು ಎರಡು ಠಾಣೆಗಳಿರುವುದರಿಂದ ತಮ್ಮ ಮನೆ ಯಾವುದರ ವ್ಯಾಪ್ತಿಗೆ ಬರುತ್ತದೆ ಎಂದು ಕೇಳಿ ಬರೆದಿಟ್ಟುಕೊಳ್ಳುವುದು ಅಗತ್ಯ.

ಅಲಾರಂ ಕೂರಿಸುವವರು ಪ್ಯಾನೆಲ್‌ನಲ್ಲಿ 112 ಸಂಖ್ಯೆಯನ್ನೇ ತುಂಬಿಕೊಡುತ್ತೇವೆಂದು ಹೇಳುವುದುಂಟು. ಬೇಡವೆನ್ನಬೇಕು. ಯಂತ್ರ ಮಾಡಿದ ಕರೆಗೆ ವಿಳಾಸ ಹೇಳಲು ಬಾಯಿಲ್ಲ, ಪ್ರಶ್ನೆ ಕೇಳಿದರೆ ಉತ್ತರವಿಲ್ಲ, ಹಲ್ಲಿ ಹರಿದಾಡಿದಾಗಲೂ ಅದು ಕರೆ ಮಾಡುತ್ತದೆ. ಅಲಾರಂ ಬಹಳ ಹಿಂದೆಯೇ ಮನೆಮನೆಗೆ ಹಬ್ಬಿದ ಅಮೆರಿಕದಲ್ಲಿ ಪೊಲೀಸರಿಗೆ ಬರುವ ಅಲಾರಂ ಕರೆಗಳಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಸುಳ್ಳೆಂದು ಕಂಡುಬಂದಿದೆ. ಸಾಲ್ಟ್ ಲೇಕ್ ಸಿಟಿಯ ಪೊಲೀಸರು 2000ದಲ್ಲಿ, ಯಾರಾದರೂ ಸ್ಥಳ ನೋಡಿ ಖಚಿತಪಡಿಸಿದ ಮೇಲೆಯೇ ಮನೆಗಳ್ಳತನದ ಅಲಾರಂಗೆ ಬರುತ್ತೇವೆಂದು ನಿಯಮ ಮಾಡಿದರು. ಬ್ರಿಟನ್ನಿನಲ್ಲಿ ಪದೇ ಪದೇ ಸುಳ್ಳು ಕೂಗು ಕೊಟ್ಟ ಮನೆಗೆ ಪೊಲೀಸ್ ಸ್ಪಂದನೆಯನ್ನೇ ಹಿಂತೆಗೆದುಕೊಳ್ಳುತ್ತಾರೆ. ರಾತ್ರಿಯ ಗಸ್ತಿಗೆ ಕೆಲವೇ ವಾಹನಗಳಿರುವ ತಾಲ್ಲೂಕಿನಲ್ಲಿ ಒಂದು ಸುಳ್ಳು ಕರೆ ಇನ್ನೊಬ್ಬರ ನಿಜವಾದ ಸಂಕಟದ ಹೊತ್ತನ್ನು ಕಸಿಯುತ್ತದೆ. ಓಣಿಯವರೂ ನಾಲ್ಕನೆಯ ಸಲ ಸೈರನ್ ಕೇಳಿ ಮಗ್ಗುಲು ಬದಲಿಸುತ್ತಾರೆ.

ವಾರಕ್ಕಿಂತ ಹೆಚ್ಚು ಕಾಲ ಹೋಗುವವರು ಠಾಣೆಗೆ ತಿಳಿಸಿ ಹೋದರೆ ಆ ಬೀದಿ ಬೀಟ್ ಸಿಬ್ಬಂದಿಯ ಗಮನದಲ್ಲಿರುತ್ತದೆ. ಪೇಪರು, ಹಾಲು ನಿಲ್ಲಿಸುವುದು, ಹೊರಗಿನ ದೀಪಕ್ಕೆ ಟೈಮರ್ ಹಾಕುವುದು ಗೊತ್ತಿರುವ ಮಾತು.

ಕಳ್ಳತನ ಆಗಿಹೋಗಿದ್ದರೆ ಮೊದಲ ನಿಯಮ ಏನನ್ನೂ ಮುಟ್ಟದಿರುವುದು. ಶ್ವಾನದಳ ಮತ್ತು ಬೆರಳಚ್ಚು ತಜ್ಞರು ಜಿಲ್ಲಾ ಕೇಂದ್ರದಿಂದ ಬರಬೇಕು. ಅಷ್ಟರಲ್ಲಿ ಬಂಧು–ಬಳಗದವರು ತಿಜೋರಿ ಎಳೆದಾಡಿ ನೋಡಿದರೆ ಗುರುತುಗಳು ಅಳಿಸುತ್ತವೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಂ ಪ್ರಕಾರ ಯಾವ ಠಾಣೆಯಲ್ಲಾದರೂ ದೂರು ಕೊಡಬಹುದು. ಇ–ಮಾಧ್ಯಮದಲ್ಲಿ ದೂರು ಕಳಿಸಿ ಮೂರು ದಿನದೊಳಗೆ ಸಹಿ ಹಾಕಬಹುದು, ಎಫ್‌ಐಆರ್ ಪ್ರತಿಗೆ ಹಣ ಕೊಡಬೇಕಿಲ್ಲ. ಪರವೂರಿನಲ್ಲಿರುವ ಮಾಲೀಕರಿಗೆ ಇದು ದೊಡ್ಡ ಅನುಕೂಲ. ತನಿಖೆಯ ಪ್ರಗತಿಯನ್ನು ಪೊಲೀಸರು 90 ದಿನದೊಳಗೆ ದೂರುದಾರರಿಗೆ ತಿಳಿಸಬೇಕು. ದೂರಿನಲ್ಲಿ ಪ್ರತಿ ಆಭರಣದ ತೂಕ, ಫೋಟೊ, ಬಿಲ್ ಇರಲಿ. 2023ರ ಏಪ್ರಿಲ್ ನಂತರ ಕೊಂಡ ಹಾಲ್‌ಮಾರ್ಕ್ ಒಡವೆಯ ಮೇಲಿನ ಆರು ಅಕ್ಷರ–ಅಂಕಿಗಳ ಗುರುತನ್ನೂ ಬರೆಯಬೇಕು. ಒಡವೆ ಕರಗದೆ ಸಿಕ್ಕರೆ ಅದು ಯಾರದೆಂದು ಹೇಳುವುದು ಆ ಗುರುತೇ. ಕ್ಯಾಮೆರಾ ದೃಶ್ಯ ನ್ಯಾಯಾಲಯದಲ್ಲಿ ನಿಲ್ಲಲು ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂನ ಪ್ರಮಾಣಪತ್ರ ಬೇಕು. ಹಾಗಾಗಿ ಹಾರ್ಡ್ ಡಿಸ್ಕನ್ನು ಅಂಗಡಿಯವರ ಕೈಗೆ ಕೊಡದೆ ಪೊಲೀಸರಿಗೇ ಒಪ್ಪಿಸಬೇಕು. ಸಿಕ್ಕ ಒಡವೆಯನ್ನು ವಿಚಾರಣೆ ಮುಗಿಯುವ ಮೊದಲೇ ನ್ಯಾಯಾಲಯದ ಆದೇಶದ ಮೂಲಕ ತಾತ್ಕಾಲಿಕವಾಗಿ ಬಿಡಿಸಿಕೊಳ್ಳಲು ಅವಕಾಶವಿದೆ.

ನಷ್ಟ ತುಂಬಿಕೊಳ್ಳುವ ದಾರಿಗಳು ಎರಡು, ಎರಡಕ್ಕೂ ಮಿತಿ ಇದೆ. 10 ಗ್ರಾಂ ಚಿನ್ನ ಲಕ್ಷ ರೂಪಾಯಿ ದಾಟಿರುವ ಈ ಕಾಲದಲ್ಲಿ ಹತ್ತು ತೊಲಿ ಒಡವೆಯನ್ನು ಕೀಲಿ ಹಾಕಿದ ಮನೆಯಲ್ಲಿ ಬಿಟ್ಟು ಹೋಗುವುದಕ್ಕಿಂತ ಬ್ಯಾಂಕ್ ಲಾಕರ್ ಎಷ್ಟೋ ಮೇಲು. ಆದರೆ ರಿಸರ್ವ್ ಬ್ಯಾಂಕಿನ 2021ರ ಸುತ್ತೋಲೆಯಂತೆ ಕಳವು, ಬೆಂಕಿ ಮುಂತಾದ ಸಂದರ್ಭದಲ್ಲಿ ಬ್ಯಾಂಕಿನ ಹೊಣೆ ವಾರ್ಷಿಕ ಬಾಡಿಗೆಯ ನೂರು ಪಟ್ಟಿಗೆ ಸೀಮಿತ. ಬಾಡಿಗೆ 1,500 ಆದರೆ ಹೊಣೆ ಒಂದೂವರೆ ಲಕ್ಷ. ಮನೆ ವಿಮೆಯಲ್ಲಿ, 2021ರ ಏಪ್ರಿಲ್‌ನಿಂದ ಎಲ್ಲ ಸಾಮಾನ್ಯ ವಿಮಾ ಕಂಪನಿಗಳೂ ಮಾರುವ ಭಾರತ್ ಗೃಹ ರಕ್ಷಾ ಪಾಲಿಸಿ ಮುಖ್ಯವಾಗಿ ಬೆಂಕಿ, ಪ್ರವಾಹದಂಥ ಅವಘಡಗಳದ್ದು. ಅಂಥ ಅವಘಡದ ಬೆನ್ನಿಗೆ ಏಳು ದಿನದೊಳಗಿನ ಕಳವಿಗೆ ಮಾತ್ರ ಅದರಲ್ಲಿ ರಕ್ಷಣೆ. ಸಾಮಾನ್ಯ ಮನೆಗಳ್ಳತನಕ್ಕೆ ಬೇರೆ ರಕ್ಷಣೆ ಕೇಳಿ ಸೇರಿಸಿಕೊಳ್ಳಬೇಕು, ಒಡವೆಗೆ ಎಷ್ಟು ಮಿತಿ ಇದೆ ಎಂದು ಓದಬೇಕು. ಕನ್ನಗಳವಿನ ಪಾಲಿಸಿಯಲ್ಲಿ ಬಲಪ್ರಯೋಗದ ಪ್ರವೇಶ ಎಂಬ ಷರತ್ತಿದ್ದರೆ ಅದನ್ನು ಅಕ್ಷರಶಃ ಅನ್ವಯಿಸಬೇಕೆಂದು ಸುಪ್ರೀಂ ಕೋರ್ಟ್ 2004ರಲ್ಲಿ ಹರಚಂದ್ ರಾಯ್ ಚಂದನ್ ಲಾಲ್ ಪ್ರಕರಣದಲ್ಲಿ ಹೇಳಿದೆ. ತೆರೆದಿಟ್ಟ ಬಾಗಿಲಿನಿಂದ ಆದ ಕಳವಿಗೆ ಅಂಥ ಪಾಲಿಸಿಯಲ್ಲಿ ಹಣ ಬರುವುದಿಲ್ಲ. ಮುರಿದ ಕೊಂಡಿಯ ಫೋಟೊ, ಎಫ್‌ಐಆರ್ ಪ್ರತಿ ಮತ್ತು ಆರೋಪಿ ಪತ್ತೆಯಾಗದಿದ್ದರೆ ಪೊಲೀಸರು ನ್ಯಾಯಾಲಯಕ್ಕೆ ಸಲ್ಲಿಸುವ ಸಿ ರಿಪೋರ್ಟ್, ಇವನ್ನು ವಿಮಾ ಕಂಪನಿ ಕೇಳುತ್ತದೆ. ಕಳವಾದ ಸುದ್ದಿಯನ್ನು ಠಾಣೆಗೆ ತಿಳಿಸಿದ ದಿನವೇ ಕಂಪನಿಗೂ ಬರಹದಲ್ಲಿ ತಿಳಿಸಿ, ಸ್ವೀಕೃತಿ ಇಟ್ಟುಕೊಳ್ಳಬೇಕು.