ಶ್ರವಣದೋಷವುಳ್ಳ ಮಕ್ಕಳ ಶಿಕ್ಷಣ ಮತ್ತು ಭಾಷಾ ಬೆಳವಣಿಗೆ

ಮಗುವಿನ ಭಾಷೆ ಶಾಲೆಗೆ ಸೇರಿದ ಮೇಲೆ ಹುಟ್ಟುವುದಲ್ಲ. ಮೊದಲ ಮೂರು ವರ್ಷಗಳೇ ನಿರ್ಣಾಯಕ. ಆದ್ದರಿಂದ 1-3-6 ಸೂತ್ರ ನೆನಪಿರಲಿ: ಒಂದು ತಿಂಗಳೊಳಗೆ ಶ್ರವಣ ತಪಾಸಣೆ, ಮೂರು ತಿಂಗಳೊಳಗೆ ದೋಷದ ಖಚಿತ ಪತ್ತೆ, ಆರು ತಿಂಗಳೊಳಗೆ ಚಿಕಿತ್ಸೆ ಮತ್ತು ತರಬೇತಿಯ ಆರಂಭ. ನವಜಾತ ಶಿಶುಗಳಿಗೆ ಓಎಇ (ಒಳಕಿವಿಯ ಕಾರ್ಯ ಅಳೆಯುವ) ಮತ್ತು ಎಬಿಆರ್ (ಶ್ರವಣನರ ಹಾಗೂ ಮಿದುಳುಕಾಂಡದ ಸ್ಪಂದನ ಅಳೆಯುವ) ಪರೀಕ್ಷೆ ನಡೆಸುತ್ತಾರೆ. ಇವುಗಳಿಗೆ ಮಗು ಪ್ರತಿಕ್ರಿಯೆ ತೋರಬೇಕಾಗಿಲ್ಲ, ನಿದ್ದೆಯಲ್ಲಿದ್ದರೂ ಆಗುತ್ತದೆ. ಶ್ರವಣಸಾಧನ ಅಥವಾ ಕಾಕ್ಲಿಯರ್ ಇಂಪ್ಲಾಂಟ್ (ಶಸ್ತ್ರಚಿಕಿತ್ಸೆಯಿಂದ ಒಳಕಿವಿಗೆ ಜೋಡಿಸುವ ಸಾಧನ) ಅಳವಡಿಸಿದ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲ. ಕೇಳಿದ ಸದ್ದು ಮಾತಾಗಲು ವರ್ಷಗಟ್ಟಲೆ ತರಬೇತಿ ಬೇಕು, ಅದರಲ್ಲಿ ಮನೆಯವರ ಪಾತ್ರ ಬಹು ದೊಡ್ಡದು. 1965ರಲ್ಲಿ ಸ್ಥಾಪನೆಯಾದ, ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯ ಶಾಲಾಪೂರ್ವ ಕೇಂದ್ರದಲ್ಲಿ ತಾಯಂದಿರಿಗೂ ತರಬೇತಿ ಸಿಗುವುದು ಇದೇ ಕಾರಣಕ್ಕೆ.

ಸಂಜ್ಞಾಭಾಷೆ ಕಲಿತರೆ ಮಗು ಮಾತು ಕಲಿಯುವುದಿಲ್ಲ ಎಂಬ ಭಯ ಇನ್ನೂ ಹಲವರಲ್ಲಿದೆ. ಅದು ಆಧಾರವಿಲ್ಲದ ಭಯ. ಸಂಜ್ಞಾಭಾಷೆಗೆ ತನ್ನದೇ ವ್ಯಾಕರಣವಿದೆ, ಅದು ಪೂರ್ಣ ಭಾಷೆ. ರಾಷ್ಟ್ರೀಯ ಶಿಕ್ಷಣ ನೀತಿ 2020 ಭಾರತೀಯ ಸಂಜ್ಞಾಭಾಷೆಯನ್ನು ದೇಶದಾದ್ಯಂತ ಪ್ರಮಾಣೀಕರಿಸಿ ಪಠ್ಯಸಾಮಗ್ರಿ ರೂಪಿಸಬೇಕೆಂದು ಹೇಳಿದೆ. ಭಾರತೀಯ ಸಂಜ್ಞಾಭಾಷಾ ಸಂಶೋಧನೆ ಮತ್ತು ತರಬೇತಿ ಕೇಂದ್ರ 2015ರಲ್ಲಿ ದೆಹಲಿಯಲ್ಲಿ ಸ್ಥಾಪನೆಯಾಯಿತು.

ಅಂಗವಿಕಲರ ಹಕ್ಕುಗಳ ಕಾಯ್ದೆ 2016ರಂತೆ ಎರಡೂ ಕಿವಿಗಳಲ್ಲಿ 70 ಡೆಸಿಬಲ್ ನಷ್ಟವಿದ್ದರೆ ಕಿವುಡುತನ, 60ರಿಂದ 70 ಇದ್ದರೆ ಮಂದಶ್ರವಣ. ಶೇ 40ಕ್ಕಿಂತ ಕಡಿಮೆಯಿಲ್ಲದ ಅಂಗವೈಕಲ್ಯವುಳ್ಳ ಮಕ್ಕಳಿಗೆ 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣದ ಹಕ್ಕಿದೆ (ಸೆಕ್ಷನ್ 31).

ದಿನಾಂಕಗಳಲ್ಲಿ ಗೊಂದಲ ಬೇಡ: ವಿಶ್ವ ಶ್ರವಣ ದಿನ ಮಾರ್ಚ್ 3, ಅಂತರರಾಷ್ಟ್ರೀಯ ಸಂಜ್ಞಾಭಾಷಾ ದಿನ ಸೆಪ್ಟೆಂಬರ್ 23. ಸಂಸ್ಥೆಗಳ ವಿಷಯದಲ್ಲೂ ಅಷ್ಟೇ: ಮೈಸೂರಿನ ವಾಕ್ ಶ್ರವಣ ಸಂಸ್ಥೆ ಕೇಂದ್ರ ಆರೋಗ್ಯ ಸಚಿವಾಲಯದ ಅಧೀನದಲ್ಲಿದೆ. ದೆಹಲಿಯ ಸಂಜ್ಞಾಭಾಷಾ ಕೇಂದ್ರವು ಸಾಮಾಜಿಕ ನ್ಯಾಯ ಸಚಿವಾಲಯದ ಅಡಿಯಲ್ಲಿದೆ.