ಬ್ರಿಟನ್ನಿನ ಪಿಂಚಣಿ, ಇಂಡಿಯ ಬಿಸಿಲು

ಬ್ರಿಟನ್ನಿನಲ್ಲಿ ದುಡಿದು ನಿವೃತ್ತರಾಗಿ ಬಿಸಿಲಿನ ನಾಡಿಗೆ ಹೋಗಿ ನೆಲೆಸಬೇಕು ಎನ್ನುವ ಅಲ್ಲಿನವರು ಸಾಮಾನ್ಯವಾಗಿ ಸ್ಪೇನಿನ ಕಡಲ ದಂಡೆಯ ಕಡೆ ನೋಡುತ್ತಾರೆ. ವಿಜಯಪುರ ಜಿಲ್ಲೆಯಿಂದ ಹೋದವರು ನೋಡುವುದು ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯ ಕಡೆ. ಬಿಸಿಲಿಗೆ ಇಲ್ಲಿಯೂ ಬರವಿಲ್ಲ, ಮೇ ತಿಂಗಳಲ್ಲಿ 40 ಡಿಗ್ರಿ ದಾಟುತ್ತದೆ. ಆದರೆ ಹಣದ ಲೆಕ್ಕಕ್ಕೆ ಕೂತರೆ ಈ ಎರಡು ಬಿಸಿಲುಗಳ ನಡುವೆ ಅಜಗಜಾಂತರ. ಸ್ಪೇನಿನಲ್ಲಿ ನೆಲೆಸಿದವರ ಬ್ರಿಟಿಷ್ ಸ್ಟೇಟ್ ಪೆನ್ಷನ್ ಪ್ರತಿ ಏಪ್ರಿಲ್‌ನಲ್ಲಿ ಏರುತ್ತದೆ. ಭಾರತದಲ್ಲಿ ನೆಲೆಸಿದವರದು ಏರುವುದಿಲ್ಲ.

ಈ ಅಂಕಣಕಾರನಿಗೆ ವಿಷಯ ತಿಳಿದದ್ದು ಮನೆಯ ಕಾಗದಪತ್ರಗಳಿಂದಲೇ. ಅವನ ಸೋದರಮಾವ ಬಾಗೇವಾಡಿ ತಾಲ್ಲೂಕಿನವರು, ಇಂಗ್ಲೆಂಡಿನಲ್ಲಿ ಎಂಜಿನಿಯರ್ ಆಗಿ ದುಡಿದು 2016ರಲ್ಲಿ ಊರಿಗೆ ಮರಳಿದರು. ಬ್ಯಾಂಕು, ತೆರಿಗೆ, ಉತಾರ, ವಿಮೆ ಎಲ್ಲದರ ಓಡಾಟ ಅಳಿಯನ ಪಾಲಿಗೆ ಬಂತು. ಅಲ್ಲಿಂದೀಚೆಗೆ ಅದೇ ದಾರಿಯಲ್ಲಿ ಬಂದ ಬೇರೆ ಕುಟುಂಬಗಳ ಲೆಕ್ಕವನ್ನೂ ಅವನು ಹತ್ತಿರದಿಂದ ನೋಡಿದ್ದಾನೆ.

ಲೆಕ್ಕ ಹೀಗಿದೆ. 2016ರ ಏಪ್ರಿಲ್‌ನಲ್ಲಿ ಬ್ರಿಟನ್ ಹೊಸ ಸ್ಟೇಟ್ ಪೆನ್ಷನ್ ಪದ್ಧತಿಯನ್ನು ತಂದಾಗ ಪೂರ್ಣ ಮೊತ್ತ ವಾರಕ್ಕೆ 155.65 ಪೌಂಡ್ ಇತ್ತು. 2025-26ರಲ್ಲಿ ಅದು 230.25 ಪೌಂಡ್ ಆಗಿತ್ತು. ಆ ಮೊದಲ ವರ್ಷವೇ ಪೂರ್ಣ ಪಿಂಚಣಿ ಪಡೆದು ಸಿಂದಗಿಗೆ ಬಂದು ಕೂತವರಿಗೆ ಇವತ್ತಿಗೂ ಬರುವುದು 155.65. 2025-26ರ ಲೆಕ್ಕದಲ್ಲೇ ವಾರಕ್ಕೆ 74.60 ಪೌಂಡಿನ ವ್ಯತ್ಯಾಸ, ವರ್ಷಕ್ಕೆ 3,879 ಪೌಂಡ್. ಪೌಂಡಿಗೆ 115 ರೂಪಾಯಿ ಎಂದು ಹಿಡಿದರೆ ಸುಮಾರು 4 ಲಕ್ಷ 46 ಸಾವಿರ ರೂಪಾಯಿ. ಅಷ್ಟು ದುಡ್ಡಿನಲ್ಲಿ ಸಿಂದಗಿಯಂಥ ಊರಿನಲ್ಲಿ ಒಂದು ಮನೆಯ ವರ್ಷದ ಖರ್ಚು ನಡೆದುಹೋಗುತ್ತದೆ.

ಈ ನಷ್ಟ ಕಣ್ಣಿಗೆ ಬೀಳದಿರಲು ಕಾರಣವೂ ಇದೆ. 2016ರ ಏಪ್ರಿಲ್ ಹೊತ್ತಿಗೆ ಪೌಂಡಿಗೆ ಸುಮಾರು 95 ರೂಪಾಯಿ ಇತ್ತು. ರೂಪಾಯಿ ಇಳಿದಂತೆಲ್ಲ ಪಾಸ್‌ಬುಕ್ಕಿನ ಅಂಕಿ ಏರಿತು, ಪಿಂಚಣಿಯೇ ಏರಿದಂತೆ ಕಂಡಿತು. ಆದರೆ 95ರಿಂದ 115ಕ್ಕೆ ಹೋದದ್ದು ಶೇಕಡ 21ರ ಏರಿಕೆ. ಇದೇ ಅವಧಿಯಲ್ಲಿ ನಮ್ಮ ದೇಶದ ಚಿಲ್ಲರೆ ಬೆಲೆಗಳು ಏರಿದ್ದು ಸುಮಾರು ಅರ್ಧದಷ್ಟು. ಜೋಳ, ಎಣ್ಣೆ, ಔಷಧಿ, ಮನೆಗೆಲಸದವರ ಪಗಾರ, ಯಾವುದೂ 2016ರ ದರದಲ್ಲಿ ನಿಂತಿಲ್ಲ. ಪೌಂಡಿನ ದರ ನೋಡಿ ನೆಮ್ಮದಿಯಾಗಿರುವವರು ಈ ಎರಡು ಅಂಕಿಗಳನ್ನು ಪಕ್ಕಪಕ್ಕ ಇಟ್ಟು ನೋಡಬೇಕು.

ಇದು ಭಾರತಕ್ಕಷ್ಟೇ ಇರುವ ನಿಯಮವಲ್ಲ. ಕೆನಡಾ, ಆಸ್ಟ್ರೇಲಿಯಾ, ದಕ್ಷಿಣ ಆಫ್ರಿಕಾದಲ್ಲಿ ನೆಲೆಸಿದವರ ಪಿಂಚಣಿಯೂ ಹೀಗೆಯೇ ನಿಂತಿದೆ. ಅಮೆರಿಕ, ಫಿಲಿಪ್ಪೀನ್ಸ್, ಜಮೈಕಾದಲ್ಲಿ ಇರುವವರದು ಏರುತ್ತದೆ, ಏಕೆಂದರೆ ಆ ದೇಶಗಳ ಜೊತೆ ಬ್ರಿಟನ್ನಿಗೆ ಹಾಗೊಂದು ಒಪ್ಪಂದವಿದೆ. ದಕ್ಷಿಣ ಆಫ್ರಿಕಾದಲ್ಲಿ ನೆಲೆಸಿದ ಆನೆಟ್ ಕಾರ್ಸನ್ ಮತ್ತು ಇತರರು ಇದನ್ನು ಸ್ಟ್ರಾಸ್‌ಬರ್ಗಿನ ಯುರೋಪಿಯನ್ ಮಾನವ ಹಕ್ಕುಗಳ ನ್ಯಾಯಾಲಯದವರೆಗೆ ಒಯ್ದರು. 2010ರಲ್ಲಿ ಅಲ್ಲಿಯೂ ಸೋಲಾಯಿತು. 2025ರ ಜುಲೈ 24ರಂದು ಸಹಿಯಾದ ಭಾರತ-ಬ್ರಿಟನ್ ವ್ಯಾಪಾರ ಒಪ್ಪಂದದ ಜೊತೆ ಸಾಮಾಜಿಕ ಭದ್ರತೆಯ ವಂತಿಗೆಯ ಮಾತೂ ಬಂತು. ಆದರೆ ಅದು ಕೆಲಕಾಲಕ್ಕೆ ಅತ್ತಿತ್ತ ಹೋಗುವ ನೌಕರರು ಎರಡೂ ಕಡೆ ವಂತಿಗೆ ಕಟ್ಟುವುದನ್ನು ತಪ್ಪಿಸುವ ವ್ಯವಸ್ಥೆ, ನಿವೃತ್ತರ ಏರಿಕೆಗೆ ಸಂಬಂಧಿಸಿದ್ದಲ್ಲ. ಪಕ್ಕದ ಮೇಜಿನಲ್ಲಿ ಕೂತು ಅಷ್ಟೇ ವಂತಿಗೆ ಕಟ್ಟಿದವನು ಸ್ಪೇನಿಗೆ ಹೋದರೆ ಒಂದು ನ್ಯಾಯ, ಮುದ್ದೇಬಿಹಾಳಕ್ಕೆ ಬಂದರೆ ಇನ್ನೊಂದು ನ್ಯಾಯ. ಇದು ಅನ್ಯಾಯವೇ ಎಂಬುದರಲ್ಲಿ ಈ ಅಂಕಣಕಾರನಿಗೆ ಸಂಶಯವಿಲ್ಲ.

ಎಲ್ಲ ಪಿಂಚಣಿಗೂ ಈ ಗತಿಯಿಲ್ಲ ಎನ್ನುವುದೇ ಸಮಾಧಾನ. ಎನ್‌ಎಚ್‌ಎಸ್ ಆಸ್ಪತ್ರೆಗಳಲ್ಲಿ ದುಡಿದ ನಮ್ಮ ಡಾಕ್ಟರು, ನರ್ಸುಗಳಿಗೆ ಬರುವ ನೌಕರಿಯ ಪಿಂಚಣಿ ಬೇರೆ. ಅವರು ಎಲ್ಲಿದ್ದರೂ ಅದು ಬೆಲೆಯೇರಿಕೆಯ ಜೊತೆ ಏರುತ್ತದೆ. ಹಾಗಾಗಿ ಊರಿಗೆ ಬರುವ ಮುನ್ನ ತಮ್ಮ ಆದಾಯವನ್ನು ಏರುವುದು, ಏರದೇ ಇರುವುದು ಎಂದು ಬೇರೆ ಮಾಡಿಕೊಳ್ಳಬೇಕು. ಏರದ ಸ್ಟೇಟ್ ಪೆನ್ಷನ್ ಇವತ್ತಿನ ರೊಟ್ಟಿಗೆ ಆಗಲಿ. ಹತ್ತು ವರ್ಷದ ನಂತರದ ಆಸ್ಪತ್ರೆ ಖರ್ಚಿಗೆ ಬೆಳೆಯುವ ಹಣ ಬೇರೆ ಇರಲೇಬೇಕು.

ತೆರಿಗೆಯ ಮಾತು ಅಷ್ಟು ಕಹಿಯಲ್ಲ. ಹಲವು ವರ್ಷ ಹೊರಗಿದ್ದು ಬಂದವರನ್ನು ನಮ್ಮ ಆದಾಯ ತೆರಿಗೆ ಕಾನೂನು ಮೊದಲ ಎರಡು ಮೂರು ವರ್ಷ ‘ಸಾಮಾನ್ಯ ನಿವಾಸಿಯಲ್ಲದ ನಿವಾಸಿ’ ಎಂದು ನೋಡುತ್ತದೆ. ಆ ಅವಧಿಯಲ್ಲಿ ಪರದೇಶದ ಆದಾಯಕ್ಕೆ ಇಲ್ಲಿ ಸಾಮಾನ್ಯವಾಗಿ ತೆರಿಗೆ ಬೀಳುವುದಿಲ್ಲ. ಆಮೇಲೆ ಎರಡು ದೇಶಗಳ ನಡುವೆ 1993ರಲ್ಲಿ ಆದ ಒಪ್ಪಂದ ನೆರವಿಗೆ ಬರುತ್ತದೆ. ಖಾಸಗಿ ಪಿಂಚಣಿಗೆ ತೆರಿಗೆ ಕಟ್ಟುವುದು ನೆಲೆಸಿದ ದೇಶದಲ್ಲಿ ಮಾತ್ರ. ಸರ್ಕಾರಿ ಸೇವೆಯ ಪಿಂಚಣಿಗೆ ನಿಯಮ ಬೇರೆ ಇರುವುದರಿಂದ ಅಂಥವರು ಲೆಕ್ಕಪರಿಶೋಧಕರನ್ನು ಕೇಳಿಯೇ ಮುಂದುವರಿಯಬೇಕು. 2025-26ರಿಂದ ಹೊಸ ಪದ್ಧತಿಯಲ್ಲಿ ನಿವಾಸಿಗಳ 12 ಲಕ್ಷದವರೆಗಿನ ಆದಾಯಕ್ಕೆ ತೆರಿಗೆಯಿಲ್ಲ. ಬೇರೆ ಆದಾಯವಿಲ್ಲದವರಿಗೆ, ಬರಿಯ 2016ರ ದರದ ಸ್ಟೇಟ್ ಪೆನ್ಷನ್ ಮೇಲೆ ಒಂದು ರೂಪಾಯಿಯ ತೆರಿಗೆಯೂ ಬರುವುದಿಲ್ಲ.

ಒಂದು ಕೆಲಸವನ್ನು ಮಾತ್ರ ಹೊರಡುವ ಮೊದಲೇ ಯೋಚಿಸಬೇಕು. ಬ್ರಿಟನ್ನಿನ ಖಾಸಗಿ ಪಿಂಚಣಿ ನಿಧಿಯಲ್ಲಿ ಸಾಮಾನ್ಯವಾಗಿ ನಾಲ್ಕನೇ ಒಂದು ಪಾಲನ್ನು ಅಲ್ಲಿ ತೆರಿಗೆಯಿಲ್ಲದೆ ಇಡುಗಂಟಾಗಿ ತೆಗೆಯಬಹುದು. ಇಲ್ಲಿ ಪೂರ್ಣ ನಿವಾಸಿಯಾದ ಮೇಲೆ ತೆಗೆದರೆ ನಮ್ಮ ಕಾನೂನು ಅದೇ ರಿಯಾಯಿತಿ ಕೊಡುತ್ತದೆ ಎಂದು ನಂಬಿ ಕೂಡುವಂತಿಲ್ಲ. ಅಲ್ಲಿನ ಐಎಸ್ಎ ಉಳಿತಾಯದ ಬಡ್ಡಿ, ಲಾಭಕ್ಕೂ ಇದೇ ಮಾತು. ಅಲ್ಲಿ ತೆರಿಗೆಯಿಲ್ಲ ಎಂದಮಾತ್ರಕ್ಕೆ ಇಲ್ಲಿಯೂ ಇಲ್ಲ ಎಂದಾಗದು.

ಇನ್ನು ಹೊಲದ ಮಾತು. ಊರಿಗೆ ಬಂದ ಹೊಸತರಲ್ಲಿ ಮಾಮಾ ಕೇಳಿದ್ದು ಇದನ್ನೇ: “ಅಳಿಯಾ, ಇಂಡಿ ಕಡೆ ನಾಕ ಎಕರೆ ಲಿಂಬಿ ತ್ವಾಟ ತಗೋಬೇಕಂತ ಮಾಡೀನಿ, ಹೆಂಗ ಮಾಡೂನು?”

“ನಿಮ್ಮ ಕಾರ್ಡಿನ ಮ್ಯಾಲ ಹೊಲ ಖರೀದಿ ಬರೂದಿಲ್ರಿ ಮಾಮಾ.”

ಬ್ರಿಟಿಷ್ ಪೌರತ್ವ ಪಡೆದು ಒಸಿಐ ಕಾರ್ಡಿನ ಮೇಲೆ ಬಂದವರು ಮನೆ, ಅಂಗಡಿ ಕೊಳ್ಳಬಹುದು. ಕೃಷಿ ಜಮೀನು, ತೋಟ, ತೋಟದ ಮನೆ ಕೊಳ್ಳುವ ಹಕ್ಕು ಆ ಕಾರ್ಡಿಗಿಲ್ಲ. 2020ರಲ್ಲಿ ಕರ್ನಾಟಕ ಭೂಸುಧಾರಣೆ ಕಾಯ್ದೆಗೆ ತಿದ್ದುಪಡಿ ಬಂದು ರೈತರಲ್ಲದವರೂ ಹೊಲ ಕೊಳ್ಳುವಂತಾಯಿತು. ಅದನ್ನು ಕೇಳಿ ತಮಗೂ ಬಾಗಿಲು ತೆರೆಯಿತೆಂದು ಹಲವರು ತಿಳಿದಿದ್ದಾರೆ. ಅದು ರಾಜ್ಯದ ಕಾನೂನು, ಒಸಿಐ ನಿರ್ಬಂಧ ಕೇಂದ್ರದ್ದು. ಅಪ್ಪನಿಂದ, ಅಜ್ಜನಿಂದ ವಾರಸಾ ಹಕ್ಕಿನಲ್ಲಿ ಬರುವ ಹೊಲಕ್ಕೆ ಮಾತ್ರ ಅಡ್ಡಿಯಿಲ್ಲ. ಇಂಡಿ ಲಿಂಬೆಗೆ ಭೌಗೋಳಿಕ ಸೂಚಕ ಮಾನ್ಯತೆ ಸಿಕ್ಕಿದ ಮೇಲೆ ಅದರ ಮೇಲಿನ ಆಸೆ ಹೆಚ್ಚಿದೆ. ತಮ್ಮನ ಹೆಸರಲ್ಲಿ, ಗೆಳೆಯನ ಹೆಸರಲ್ಲಿ ಹೊಲ ಬರೆಸಿ ದುಡ್ಡು ಹಾಕುವ ಉಪಾಯವನ್ನು ಯಾರಾದರೂ ಹೇಳಿದರೆ ಒಪ್ಪಬಾರದು. ಬೇನಾಮಿ ಎಂದಾದರೆ ಹೊಲವೂ ಹೋಗುತ್ತದೆ, ತಮ್ಮನೂ ದೂರವಾಗುತ್ತಾನೆ.

ವಾರಸಾ ಹಚ್ಚಿಸುವುದಕ್ಕೂ ಓಡಾಟವಿದೆ. ಬಿಜಾಪುರ 2014ರ ನವೆಂಬರ್ 1ರಂದು ವಿಜಯಪುರವಾಯಿತು, ಹಳೆಯ ಪಾಸ್‌ಪೋರ್ಟಿನಲ್ಲಿ ಬಿಜಾಪುರ ಎಂದೇ ಇರುತ್ತದೆ. ತಾಲ್ಲೂಕುಗಳೂ ಒಡೆದಿವೆ. ಇಂಡಿಯಿಂದ ಚಡಚಣ, ಸಿಂದಗಿಯಿಂದ ದೇವರಹಿಪ್ಪರಗಿ, ಮುದ್ದೇಬಿಹಾಳದಿಂದ ತಾಳಿಕೋಟೆ, ಬಾಗೇವಾಡಿಯಿಂದ ನಿಡಗುಂದಿ, ಕೊಲ್ಹಾರ ಬೇರೆಯಾದವು. ಹೊಲ ಈಗ ಯಾವ ತಹಶೀಲ್ದಾರರ ಕಚೇರಿಗೆ ಸೇರಿದೆ ಎಂಬುದನ್ನು ಮೊದಲು ನೋಡಿಕೊಳ್ಳಬೇಕು.

ಕೃಷ್ಣೆಯ ದಂಡೆಯಲ್ಲಿ ಮನೆ, ಹೊಲ ಇರುವವರಿಗೆ ಇನ್ನೊಂದು ಎಚ್ಚರಿಕೆ. ಆಲಮಟ್ಟಿ ಜಲಾಶಯದ ಮಟ್ಟವನ್ನು 519.6 ಮೀಟರಿನಿಂದ 524.256 ಮೀಟರಿಗೆ ಏರಿಸುವ ಯೋಜನೆಯಿದೆ. ಮುಳುಗಡೆಯಾಗುವ ಜಮೀನಿಗೆ ಎಕರೆಗೆ ನೀರಾವರಿಯಾದರೆ 40 ಲಕ್ಷ, ಒಣಬೇಸಾಯವಾದರೆ 30 ಲಕ್ಷ ಕೊಡಲು ರಾಜ್ಯ ಸಂಪುಟ 2025ರ ಸೆಪ್ಟೆಂಬರ್‌ನಲ್ಲಿ ತೀರ್ಮಾನಿಸಿತು. ಅಂಥ ಹಳ್ಳಿಯಲ್ಲಿ ಬ್ರಿಟನ್ನಿನ ಉಳಿತಾಯ ಸುರಿದು ದೊಡ್ಡ ಮನೆ ಕಟ್ಟಿಸುವ ಮುನ್ನ ಮುಳುಗಡೆ ನಕ್ಷೆ ನೋಡಲೇಬೇಕು. ಪಾಲಿನ ಉತಾರ ಸರಿಯಿರದಿದ್ದರೆ ಪರಿಹಾರದ ಹಣ ಕೈಗೆ ಬರುವುದೂ ಕಷ್ಟ.

ಆರೋಗ್ಯದ ವಿಷಯದಲ್ಲಿ ತಡ ಮಾಡುವಂತಿಲ್ಲ. ಬ್ರಿಟನ್ ಬಿಟ್ಟು ನೆಲೆ ಬದಲಿಸಿದವರಿಗೆ ಅಲ್ಲಿನ ಪುಕ್ಕಟೆ ಚಿಕಿತ್ಸೆಯ ಹಕ್ಕು ಮುಂದುವರಿಯುವುದಿಲ್ಲ. ಇಲ್ಲಿ ವಿಮೆ ಮಾಡಿಸಿದರೂ ಮೊದಲೇ ಇದ್ದ ಸಕ್ಕರೆ ಕಾಯಿಲೆ, ರಕ್ತದೊತ್ತಡಕ್ಕೆ ಮೂರು ವರ್ಷದವರೆಗೆ ಕಾಯಿಸಬಹುದು. 2024ರಲ್ಲಿ ನಿಯಮ ಬದಲಾಗಿ 65 ದಾಟಿದವರೂ ಹೊಸ ಪಾಲಿಸಿ ಕೊಳ್ಳಬಹುದು, 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಆರೋಗ್ಯ ವಿಮೆಗೆ ಜಿಎಸ್‌ಟಿಯೂ ಇಲ್ಲ. ಊರಿಗೆ ಬರುವ ಎರಡು ಮೂರು ವರ್ಷ ಮೊದಲೇ ಇಲ್ಲಿ ಪಾಲಿಸಿ ಮಾಡಿಸಿದರೆ ಕಾಯುವ ಅವಧಿ ಅಲ್ಲಿರುವಾಗಲೇ ಕಳೆಯುತ್ತದೆ. ಮಾಮಾ ಹಾಗೆ ಮಾಡಿದ್ದರಿಂದಲೇ ವಿಜಯಪುರದ ಆಸ್ಪತ್ರೆಯಲ್ಲಿ ಆದ ಹೃದಯದ ಚಿಕಿತ್ಸೆಗೆ ಗಂಟು ಒಡೆಯಬೇಕಾಗಿ ಬರಲಿಲ್ಲ.

ಇನ್ನೂ ಅಲ್ಲಿಯೇ ದುಡಿಯುತ್ತಿರುವ ನಮ್ಮ ಜಿಲ್ಲೆಯವರು ಈ ಮಾತನ್ನು ಗಮನಕ್ಕೆ ತಂದುಕೊಳ್ಳಬೇಕು. ಸ್ಟೇಟ್ ಪೆನ್ಷನ್ ಸಿಗಲು ಸಾಮಾನ್ಯವಾಗಿ ಹತ್ತು ವರ್ಷದ ನ್ಯಾಷನಲ್ ಇನ್ಶೂರೆನ್ಸ್ ದಾಖಲೆ ಬೇಕು, ಪೂರ್ಣ ಮೊತ್ತಕ್ಕೆ 35 ವರ್ಷ. ಬೇಗ ಮರಳಿದವರು ಭಾರತದಲ್ಲಿ ಕೂತು ವಾರಕ್ಕೆ 3.50 ಪೌಂಡ್ ಕಟ್ಟಿ ಉಳಿದ ವರ್ಷ ತುಂಬಿಸುವ ಅಗ್ಗದ ದಾರಿ 2026ರ ಏಪ್ರಿಲ್ 6ರಿಂದ ಮುಚ್ಚಿದೆ. ಅದಕ್ಕಿಂತ ಐದು ಪಟ್ಟು ದುಬಾರಿಯಾದ ಮೂರನೇ ವರ್ಗದ ವಂತಿಗೆ ಮಾತ್ರ ಉಳಿದಿದೆ. ಹೊಸದಾಗಿ ಕಟ್ಟಲು ಹೊರಡುವವರಿಗೆ ಬ್ರಿಟನ್ನಿನಲ್ಲಿ ಹತ್ತು ವರ್ಷದ ವಾಸ ಅಥವಾ ವಂತಿಗೆಯೂ ಇರಬೇಕು. ವಿಮಾನದ ಟಿಕೆಟ್ ತೆಗೆಯುವ ಮುನ್ನ ತಮ್ಮ ದಾಖಲೆಯಲ್ಲಿ ಎಷ್ಟು ವರ್ಷ ಜಮೆಯಾಗಿದೆ ಎಂದು ದಯವಿಟ್ಟು ತೆಗೆದು ನೋಡಿ. ಬ್ರಿಟನ್ ಸರ್ಕಾರ ಅದನ್ನು ಪುಕ್ಕಟೆಯಾಗಿ ತೋರಿಸುತ್ತದೆ.